ಬೆಳಕಿಗೆಷ್ಟು, ಬಿಂಕಕ್ಕೆಷ್ಟು?

ಬಳ್ಳಾರಿ ಜಿಲ್ಲೆಯಲ್ಲಿ ನೀರಿಗೆ ಬರ ಬಂದೀತು, ಮಳೆಗೆ ಬರ ಬಂದೀತು, ಬೆಳಕಿಗೆ ಮಾತ್ರ ಬಂದದ್ದಿಲ್ಲ. ಏಪ್ರಿಲ್ ಬಂತೆಂದರೆ ಬೆಳಿಗ್ಗೆ ಎಂಟಕ್ಕೇ ಸೂರ್ಯ ನಡುಮಧ್ಯಾಹ್ನದ ಕೆಲಸ ಶುರು ಮಾಡಿರುತ್ತಾನೆ. ರಾತ್ರಿ ಪಾಳಿಗೆ ಕುಡತಿನಿಯ ಶಾಖೋತ್ಪನ್ನ ಸ್ಥಾವರವಿದೆ. 500, 500, 700 ಸೇರಿ ಒಟ್ಟು 1700 ಮೆಗಾವ್ಯಾಟ್ ಸಾಮರ್ಥ್ಯ. ಅದೂ ಸಾಲದೆಂದು ಕಲ್ಯಾಣ ಮಂಟಪದವರು ಗೇಟಿನಿಂದ ಊಟದ ಹಾಲ್‌ವರೆಗೆ ಎಲ್‌ಇಡಿ ಸರ ಇಳಿಬಿಟ್ಟಿರುತ್ತಾರೆ. ಇಷ್ಟೆಲ್ಲ ಬೆಳಕಿದ್ದೂ ನಮ್ಮ ಮದುವೆ ಆಲ್ಬಮ್ಮುಗಳಲ್ಲಿ ಮದುಮಗಳ ಹಣೆ ಬೆಳ್ಳಗೆ ಸುಟ್ಟು, ಹಿಂದೆ ನಿಂತ ಸೋದರಮಾವ ಕತ್ತಲೆಯಲ್ಲಿ ಕರಗಿ ಹೋಗಿರುವುದು ಏಕೆ?

ಈ ಪ್ರಶ್ನೆಗೆ ನಮ್ಮ ಫೋಟೊಗ್ರಾಫರ್ ಬಳಗ ಒಕ್ಕೊರಲಿನಿಂದ ಕೊಡುವ ಉತ್ತರ ಒಂದೇ: “ಫ್ಲ್ಯಾಶ್ ಸಣ್ಣದಾತು.” ಆದ್ದರಿಂದ ದೊಡ್ಡದು ತರಬೇಕು. ತರುವ ಮೊದಲು ಮಧ್ಯಮ ದರ್ಜೆಯದೋ, ಮೇಲ್ದರ್ಜೆಯದೋ ಎಂದು ತೀರ್ಮಾನವಾಗಬೇಕು. ತೀರ್ಮಾನಕ್ಕೆ ಮೊದಲು ಯೂಟ್ಯೂಬ್ ನೋಡಬೇಕು. ಅಲ್ಲಿ ದೆಹಲಿಯವನೊಬ್ಬ ಮಧ್ಯಮದ್ದೇ ಸಾಕೆಂದು ಹಿಂದಿಯಲ್ಲಿ ಆಣೆ ಮಾಡುತ್ತಾನೆ. ಹೈದರಾಬಾದಿನವನೊಬ್ಬ ಮೇಲ್ದರ್ಜೆಯದಿಲ್ಲದೆ ಬಾಳೇ ವ್ಯರ್ಥವೆಂದು ತೆಲುಗಿನಲ್ಲಿ ಅಳುತ್ತಾನೆ. ಎರಡೂ ಭಾಷೆ ಬರುವುದು ಬಳ್ಳಾರಿಯವನ ದುರದೃಷ್ಟ. ಇಬ್ಬರನ್ನೂ ನಂಬುತ್ತಾನೆ.

ನಂಬಿದವನು ಕೊನೆಗೆ ಬೆಂಗಳೂರು ರಸ್ತೆಯ ಕಡೆಗೋ, ಬ್ರೂಸ್‌ಪೇಟೆಯ ಕಡೆಗೋ ಯಾವುದಾದರೂ ಅಂಗಡಿಯ ಕಟ್ಟೆ ಹತ್ತುತ್ತಾನೆ. ಅಲ್ಲಿ ಗಾಜಿನ ಮೇಲೆ ಎರಡು ಪೆಟ್ಟಿಗೆ ಅಕ್ಕಪಕ್ಕ ಕೂರುತ್ತವೆ.

“ಅಣ್ಣಾ, ಇದ್ರಾಗೂ ಅದ್ರಾಗೂ ಏನ್ ಫರಕು?”

“ಇದು ಮೀಡಿಯಮ್ಮು. ಅದು ಪ್ರೊ.”

“ಅಂದ್ರ?”

“ಅಂದ್ರ ಇದು ಹದಿನೈದು, ಅದು ನಲವತ್ತೈದು.”

“ಬೆಳಕು ಮೂರು ಪಟ್ಟು ಬರ್ತೈತೇನು?”

“ತಮ್ಮಾ, ನೀ ಬೆಳಕು ಕೇಳಾಕ ಬಂದಿಯೋ, ಫ್ಲ್ಯಾಶ್ ತಗೊಳ್ಳಾಕ ಬಂದಿಯೋ?”

ಇದಕ್ಕಿಂತ ಪ್ರಾಮಾಣಿಕ ಉತ್ತರವನ್ನು ಯಾವ ಕಂಪನಿಯ ಜಾಹೀರಾತೂ ಕೊಟ್ಟಿಲ್ಲ. ಬೆಳಕು ಬೇರೆ, ಫ್ಲ್ಯಾಶ್ ಬೇರೆ. ಅಂಗಡಿಯವರಿಗೆ ಇದು ಗೊತ್ತು. ಗೊತ್ತಿಲ್ಲದಿರುವುದು ಕೊಳ್ಳುವವನಿಗೆ ಮಾತ್ರ.

ಈಗ ಆ ಪೆಟ್ಟಿಗೆಯ ಮೇಲಿನ ಅಂಕಿಗೆ ಬರೋಣ. ಅದಕ್ಕೆ ಗೈಡ್ ನಂಬರ್ ಎನ್ನುತ್ತಾರೆ. ಲೆಕ್ಕ ಸರಳ: ಐಎಸ್‌ಒ 100ರಲ್ಲಿ ಈ ಅಂಕಿಯನ್ನು ಅಪರ್ಚರಿನಿಂದ ಭಾಗಿಸಿದರೆ ಬೆಳಕು ಎಷ್ಟು ಮೀಟರ್ ದೂರ ಮುಟ್ಟುತ್ತದೆ ಎನ್ನುವುದು ಸಿಗುತ್ತದೆ. ಕೆನಾನ್ ಕಂಪನಿಯವರು ಈ ಅಂಕಿಯನ್ನು ಹೆಸರಿನಲ್ಲೇ ಇಟ್ಟರು. 2007ರಲ್ಲಿ ಬಂದ ಮೇಲ್ದರ್ಜೆಯ 580ಇಎಕ್ಸ್ 2ರ ಗೈಡ್ ನಂಬರ್ 58. ಮರುವರ್ಷ ಬಂದ ಮಧ್ಯಮ ದರ್ಜೆಯ 430ಇಎಕ್ಸ್ 2ರದು 43. ಇವತ್ತಿಗೂ ಸೆಕೆಂಡ್‌ಹ್ಯಾಂಡ್ ಕಪಾಟುಗಳಲ್ಲಿ ಈ ಜೋಡಿ ಕಾಣಸಿಗುತ್ತದೆ. 58 ದೊಡ್ಡದು, 43 ಚಿಕ್ಕದು. ಒಂದನೇ ಕ್ಲಾಸಿನ ಹುಡುಗನಿಗೂ ಗೊತ್ತಾಗುವ ವಿಚಾರ. ಆದ್ದರಿಂದಲೇ ದೊಡ್ಡವರೂ ಅಲ್ಲಿಗೇ ನಿಲ್ಲುತ್ತಾರೆ.

ಮುಂದೆ ಹೋದವರಿಗೆ ಕಾಣುವುದೇ ಬೇರೆ. ಈ 58 ಮತ್ತು 43, ಫ್ಲ್ಯಾಶಿನ ತಲೆಯನ್ನು 105 ಮಿಲಿಮೀಟರಿಗೆ ಜೂಮ್ ಮಾಡಿ, ಬೆಳಕನ್ನೆಲ್ಲ ಒಂದು ಕಿರಿದಾದ ಓಣಿಯಲ್ಲಿ ಕೂಡಿಹಾಕಿ ಅಳೆದ ಅಂಕಿಗಳು. ನಮ್ಮಲ್ಲಿ ಮದುವೆಯ ಗ್ರೂಪ್ ಫೋಟೊ 105ರಲ್ಲಿ ತೆಗೆಯುವವನು ಯಾರು? ಸ್ಟೇಜಿನ ಮೇಲೆ ವಧೂವರರ ಎಡಕ್ಕೆ ಹನ್ನೆರಡು, ಬಲಕ್ಕೆ ಹದಿನಾಲ್ಕು, ಕೆಳಗೆ ಚಕ್ಕಳಮಕ್ಕಳ ಹಾಕಿದ ಎಂಟು ಮಕ್ಕಳು, ಬರುತ್ತೇನೆಂದು ಕೈಬೀಸುತ್ತಿರುವ ಒಬ್ಬ ದೊಡ್ಡಪ್ಪ. ಇದಕ್ಕೆ 24 ಮಿಲಿಮೀಟರೇ ಗತಿ. ಆ ಅಗಲಕ್ಕೆ ತಲೆಯನ್ನು ಬಿಚ್ಚಿದಾಗ ಇದೇ ಕಂಪನಿಯ ಕೈಪಿಡಿ ಕೊಡುವ ಗೈಡ್ ನಂಬರ್ ದೊಡ್ಡದಕ್ಕೆ 28, ಚಿಕ್ಕದಕ್ಕೆ 25.

ಇನ್ನೊಮ್ಮೆ ಓದಿ. 58 ಮತ್ತು 43 ಅಲ್ಲ, 28 ಮತ್ತು 25. ಅಪರ್ಚರ್ 5.6 ಇಟ್ಟುಕೊಳ್ಳಿ. ದೊಡ್ಡ ಫ್ಲ್ಯಾಶು 5 ಮೀಟರ್ ಮುಟ್ಟುತ್ತದೆ, ಚಿಕ್ಕದು ನಾಲ್ಕೂವರೆ ಮೀಟರಿಗೆ ಸ್ವಲ್ಪ ಕಡಿಮೆ. ವ್ಯತ್ಯಾಸ ಎರಡು ಅಡಿಯೂ ಇಲ್ಲ. ಅಂದರೆ ಫೋಟೊಗ್ರಾಫರ್ ಮಹಾಶಯರು ಒಂದು ಹೆಜ್ಜೆ ಮುಂದೆ ಬಂದರೆ ಮಧ್ಯಮ ದರ್ಜೆಯದು ಮೇಲ್ದರ್ಜೆಯದಾಗುತ್ತದೆ. ಹೆಜ್ಜೆಗೆ ಮೂವತ್ತು ಸಾವಿರ ರೂಪಾಯಿ! ಕುರುಗೋಡಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿದರೆ ಈ ಲೆಕ್ಕದಲ್ಲಿ ಒಂದು ಗಣಿಯನ್ನೇ ಕೊಳ್ಳಬಹುದು.

“ದೂರ ನಿಂತು ಟೆಲಿ ಲೆನ್ಸಿನಲ್ಲಿ ತೆಗೆದರೆ?” ಎಂದು ಕೇಳುವ ಜಾಣರಿದ್ದಾರೆ. ಆಗ 58 ಮತ್ತು 43ರ ಅಂತರ ನಿಜಕ್ಕೂ ಸಿಗುತ್ತದೆ. ಅದು ಒಂದು ಸ್ಟಾಪಿಗಿಂತ ಸ್ವಲ್ಪ ಕಡಿಮೆ. ಒಂದು ಸ್ಟಾಪೆಂದರೆ ಕ್ಯಾಮೆರಾದಲ್ಲಿ ಐಎಸ್‌ಒ 400 ಇದ್ದದ್ದನ್ನು 800 ಮಾಡುವುದು. ಹೆಬ್ಬೆರಳಿನ ಒಂದು ತಿರುವು. ರೀಲಿನ ಕಾಲದಲ್ಲಿ 100ರ ರೋಲ್ ಹಾಕಿದ ಮೇಲೆ ಮೂವತ್ತಾರು ಫೋಟೊ ಮುಗಿಯುವ ತನಕ ಅದೇ ಗತಿ. ಆಗ ದೊಡ್ಡ ಫ್ಲ್ಯಾಶಿಗೆ ಅರ್ಥವಿತ್ತು. ರೀಲು ಹೋಗಿ ಎರಡು ದಶಕವಾಯಿತು, ಅರ್ಥವೂ ಹೋಯಿತು, ಗೌರವ ಮಾತ್ರ ಉಳಿದುಕೊಂಡಿದೆ.

ಇನ್ನು ಈ ಮೇಲ್ದರ್ಜೆ ವರ್ಷದಿಂದ ವರ್ಷಕ್ಕೆ ಎಷ್ಟು ಮೇಲೆ ಹೋಯಿತು ಎನ್ನುವುದನ್ನೂ ನೋಡಿಬಿಡಿ. 1998ರಲ್ಲಿ 550ಇಎಕ್ಸ್ ಬಂದಾಗ ಗೈಡ್ ನಂಬರ್ 55. 2004ರ 580ಇಎಕ್ಸ್‌ಗೆ 58. 2012ರ 600ಇಎಕ್ಸ್-ಆರ್‌ಟಿಗೆ 60, ಅದೂ ತಲೆಯನ್ನು 200 ಮಿಲಿಮೀಟರ್ ತನಕ ಎಳೆದ ಮೇಲೆ. 2020ರಲ್ಲಿ ಘೋಷಣೆಯಾದ ಇಎಲ್-1ಕ್ಕೂ 60. ಇಪ್ಪತ್ತೆರಡು ವರ್ಷಕ್ಕೆ ಐದು ಅಂಕ ಏರಿಕೆ! ನಮ್ಮ ಸರ್ಕಾರಿ ಶಾಲೆಯ ಗಣಿತದ ಮೇಷ್ಟ್ರು ಇಷ್ಟು ನಿಧಾನವಾಗಿ ಅಂಕ ಕೊಟ್ಟಿದ್ದರೆ ಪಾಲಕರು ಧರಣಿ ಕೂರುತ್ತಿದ್ದರು. ಇತ್ತ ಚೀನಾದ ಶೆಂಜೆನ್‌ನ ಗೋಡಾಕ್ಸ್ ಕಂಪನಿ ವಿ860 2 ಎಂಬುದನ್ನು ಅದೇ 60ರ ಅಂಕಿಯೊಂದಿಗೆ, ಲಿಥಿಯಂ ಬ್ಯಾಟರಿ ಸಮೇತ, ಎಷ್ಟೋ ಕಡಿಮೆ ಬೆಲೆಗೆ ತಂದಿಟ್ಟಿತು. ಈಗ ಅಂಕಿಯೂ ಒಂದೇ. ಮಧ್ಯಮ ಯಾವುದು, ಮೇಲು ಯಾವುದು ಎಂದು ತಿಳಿಯಲು ಉಳಿದಿರುವ ಏಕೈಕ ಸಾಧನ ಬಿಲ್ಲು.

ಇಷ್ಟು ಹೇಳಿದರೂ ಕೆಲವರ ಚಡಪಡಿಕೆ ನಿಲ್ಲುವುದಿಲ್ಲ. ಅಂಥವರು ಒಮ್ಮೆ ಬಳ್ಳಾರಿ ಗುಡ್ಡ ಹತ್ತಿ ಎದುರಿಗೆ ನೋಡಬೇಕು. ಹೈದರಾಲಿ ಬಳ್ಳಾರಿ ಕೋಟೆ ಹಿಡಿದು, ಫ್ರೆಂಚ್ ಎಂಜಿನಿಯರೊಬ್ಬನಿಂದ ಅದನ್ನು ಬಲಪಡಿಸಿದನಂತೆ. ಎಲ್ಲ ಮುಗಿದ ಮೇಲೆ, ಎದುರಿನ ಕುಂಬಾರ ಗುಡ್ಡ ತನ್ನ ಕೋಟೆಗಿಂತ ಎತ್ತರ ಎನ್ನುವುದು ಕಣ್ಣಿಗೆ ಬಿತ್ತಂತೆ. ಸಿಟ್ಟಿಗೆದ್ದು ಆ ಎಂಜಿನಿಯರನನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದನೆಂದು ಊರ ಹಿರಿಯರು ಹೇಳುವ ಕಥೆ. ಕಥೆ ನಿಜವೋ ಸುಳ್ಳೋ, ಬುದ್ಧಿ ಮಾತ್ರ ನಮ್ಮೂರಿನದು. ಇದ್ದ ಗುಡ್ಡದ ಮೇಲೆ ನಿಂತು ಎದುರಿನ ಗುಡ್ಡ ಅಳೆಯುವ ಚಾಳಿ. 430 ಕೊಂಡವನು 580ರ ಕಡೆ ನೋಡುತ್ತಾನೆ, 580 ಇದ್ದವನು 600ರ ಕಡೆ, 600ರವನು ಇಎಲ್-1ರ ಕಡೆ. ಹೈದರಾಲಿ ಎಂಜಿನಿಯರನನ್ನು ತೂಗುಹಾಕಿದ. ಇವರು ತಮ್ಮನ್ನೇ ಇಎಂಐಗೆ ತೂಗುಹಾಕಿಕೊಳ್ಳುತ್ತಾರೆ.

ಸರಿ, ತೂಗುಹಾಕಿಕೊಂಡಾಯಿತು, ದೊಡ್ಡದು ಮನೆಗೆ ಬಂತು. ಪೂಜೆ ಆಯಿತು, ಕುಂಕುಮ ಹಚ್ಚಿ, ನಿಂಬೆಹಣ್ಣು ಇಳಿಸಿ, ಮೊದಲ ಮದುವೆಗೆ ಸಿರುಗುಪ್ಪಕ್ಕೆ ಹೊರಟಿತು. ತುಂಗಭದ್ರೆಯ ನೀರು ಕುಡಿದ ಗದ್ದೆ, ಭತ್ತ ಮಾರಿದ ದುಡ್ಡು, ರೈಸ್‌ಮಿಲ್ ಮಾಲೀಕರ ಮಗಳು. ಬಯಲಲ್ಲಿ ಪೆಂಡಾಲ್, ಮೇಲೆ ಕೆಂಪು ಹಳದಿ ಬಟ್ಟೆ. ನಮ್ಮ ಹುಡುಗ ಯೂಟ್ಯೂಬಿನಲ್ಲಿ ಕಲಿತಂತೆ ಫ್ಲ್ಯಾಶಿನ ತಲೆಯನ್ನು ನೇರ ಮೇಲಕ್ಕೆ ತಿರುಗಿಸಿ ಬೌನ್ಸ್ ಹೊಡೆಯುತ್ತಾನೆ. ಬೆಳಕು ಹೋಗಿ ಬಟ್ಟೆಗೆ ಬಡಿದು, ಬಟ್ಟೆಯ ಬಣ್ಣ ಹೊತ್ತು ಕೆಳಗಿಳಿಯುತ್ತದೆ. ಅರಿಶಿಣ ಶಾಸ್ತ್ರ ಹಿಂದಿನ ದಿನವೇ ಮುಗಿದಿದ್ದರೂ ಆಲ್ಬಮ್ಮಿನಲ್ಲಿ ಎರಡೂ ಕಡೆಯ ಬೀಗರು ಅರಿಶಿಣ ಮೆತ್ತಿಕೊಂಡೇ ಕೂತಿರುತ್ತಾರೆ. ಹದಿನೈದು ಸಾವಿರದ ಫ್ಲ್ಯಾಶಿನಲ್ಲಿ ಎರಡನೇ ಸಾಲಿನವರೆಗೆ ಹಳದಿಯಾಗುತ್ತಿದ್ದರು. ನಲವತ್ತೈದು ಸಾವಿರದ್ದರಲ್ಲಿ ಐದನೇ ಸಾಲಿನವರೆಗೂ ಹಳದಿ. ಕೊಟ್ಟ ದುಡ್ಡು ಎಲ್ಲೂ ಹೋಗಿಲ್ಲ.

ಅಷ್ಟರಲ್ಲಿ ಮುಖಂಡರ ಆಗಮನ. ಗರಿಗರಿ ಬಿಳಿ ಅಂಗಿ, ಬಿಳಿ ಪ್ಯಾಂಟು. ಹಿಂದೆ ಬಂದ ಹಿಂಬಾಲಕರೂ ಬಿಳಿ. ಸ್ಟೇಜಿನ ಮೇಲೆ ಬಾಸಿಂಗ ಕಟ್ಟಿದ ವರನೇ ಕಾಣದಷ್ಟು ಬಿಳಿ. ಈಗ ಫ್ಲ್ಯಾಶಿನೊಳಗಿನ ಟಿಟಿಎಲ್ ಎಂಬ ಬುದ್ಧಿವಂತ ಕೆಲಸ ಶುರು ಮಾಡುತ್ತದೆ. ಫೋಟೊಕ್ಕೆ ಮೊದಲು ಕಣ್ಣಿಗೆ ಕಾಣದಷ್ಟು ಬೇಗ ಒಂದು ಸಣ್ಣ ಮಿಂಚು ಬಿಟ್ಟು, ವಾಪಸು ಬಂದ ಬೆಳಕು ಅಳೆದು, ಎಷ್ಟು ಹೊಡೆಯಬೇಕೆಂದು ಲೆಕ್ಕ ಹಾಕುತ್ತದೆ. ಎದುರಿಗೆ ಇಷ್ಟೊಂದು ಬಿಳಿ ಕಂಡದ್ದೇ “ಓಹೋ, ಇಲ್ಲಿ ಬೆಳಕು ಧಾರಾಳ” ಎಂದುಕೊಂಡು ಕೈ ಹಿಡಿದುಬಿಡುತ್ತದೆ. ಅಂಗಿ ಬೂದು ಬಣ್ಣಕ್ಕೆ, ಮುಖ ಕಪ್ಪಿಗೆ. ಬಿಳಿ ಅಂಗಿ ನೋಡಿ ಮೋಸ ಹೋಗುವವರು ಮತದಾರರು ಮಾತ್ರ ಎಂದುಕೊಂಡಿದ್ದೆವು. ನಲವತ್ತೈದು ಸಾವಿರದ ಜಪಾನೀ ಬುದ್ಧಿಯೂ ಮೋಸ ಹೋಗುತ್ತದೆ. ಮತದಾರನಿಗೆ ಐದು ವರ್ಷ ಕಾಯಬೇಕು. ಫ್ಲ್ಯಾಶಿಗಾದರೆ ಕಾಂಪೆನ್ಸೇಶನ್ ಗುಂಡಿ ಒತ್ತಿ ಪ್ಲಸ್ ಒಂದು ಇಟ್ಟರೆ ಸಾಕು. ಆ ಗುಂಡಿ ಅಗ್ಗದ್ದರಲ್ಲೂ ಇದೆ. ಇದೆಯೆಂದು ಗೊತ್ತಿರಬೇಕು, ಅಷ್ಟೇ.

ಆಮೇಲೆ ರಿಸೆಪ್ಷನ್. ಮುಯ್ಯಿ ಲಕೋಟೆ ಹಿಡಿದವರ ಸಾಲು ಸ್ಟೇಜಿನಿಂದ ಐಸ್‌ಕ್ರೀಮ್ ಕೌಂಟರ್ ತನಕ. ಒಬ್ಬರಿಗೆ ಒಂದು ಫೋಟೊ ಬಿಟ್ಟುಹೋದರೂ ಸಂಬಂಧ ಕೆಡುತ್ತದೆ. “ನಾವು ಕೊಟ್ಟ ಕುಕ್ಕರ್ ಇಸ್ಕೊಂಡ್ರು, ಫೋಟೊ ಮಾತ್ರ ಹೊಡೀಲಿಲ್ಲ” ಎಂಬ ಮಾತು ಮುಂದಿನ ಮೂರು ಮದುವೆಗಳ ತನಕ ಓಡಾಡುತ್ತದೆ. ಹುಡುಗ ಫುಲ್ ಪವರಿನಲ್ಲಿ ಟಪಟಪ ಹೊಡೆಯುತ್ತಾನೆ. ಆ ಹಳೆಯ ಜೋಡಿಯ ಕೈಪಿಡಿ ತೆರೆದು ನೋಡಿ: ಸತತ 20 ಹೊಡೆತದ ಮೇಲೆ ಕನಿಷ್ಠ 10 ನಿಮಿಷ ವಿಶ್ರಾಂತಿ ಕೊಡಿ ಎಂದು ಮಧ್ಯಮದ್ದಕ್ಕೂ ಮೇಲಿನದ್ದಕ್ಕೂ ಒಂದೇ ಬುದ್ಧಿವಾದ. ಕೈಪಿಡಿ ಬರೆದವರು ಸಿರುಗುಪ್ಪದ ಮೇ ತಿಂಗಳನ್ನು ಕಂಡವರಲ್ಲ. ನಲವತ್ತು ಡಿಗ್ರಿ ದಾಟಿದ ಸೆಕೆಯಲ್ಲಿ ಫ್ಲ್ಯಾಶು ಬಿಸಿಯಾಗಿ ಮುನಿಸಿಕೊಳ್ಳುತ್ತದೆ. ಆಗ ಫೋಟೊಗ್ರಾಫರ್ ಏನು ಮಾಡುತ್ತಾನೆ? ಕಣ್ಣಿಗೆ ಕ್ಯಾಮೆರಾ ಹಿಡಿದು ಬರೀ ಬಾಯಲ್ಲಿ “ಸ್ಮೈಲ್ ಪ್ಲೀಸ್” ಎನ್ನುತ್ತಾನೆ. ಲಕೋಟೆಯವರು ನಕ್ಕು ಇಳಿದುಹೋಗುತ್ತಾರೆ.

ಇನ್ನೊಂದು ಗುಟ್ಟು ಹೊಟ್ಟೆಯಲ್ಲಿದೆ. ಲಿಥಿಯಂ ಇಲ್ಲದ ಫ್ಲ್ಯಾಶುಗಳಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಒಳಗೆ ಅವೇ ನಾಲ್ಕು ಪೆನ್ಸಿಲ್ ಸೆಲ್. ದೊಡ್ಡದರ ಕೆಪಾಸಿಟರ್ ದೊಡ್ಡದು, ಪೂರ್ತಿ ತುಂಬಿಕೊಳ್ಳಲು ಹೆಚ್ಚು ಹೊತ್ತು ಬೇಕು. ಅಷ್ಟೇ ಬೆಳಕಿಗಾದರೆ ದೊಡ್ಡದು ಬೇಗ ಸಿದ್ಧವಾಗುತ್ತದೆ, ಸುಳ್ಳಲ್ಲ. ಆದರೆ ದೊಡ್ಡದು ಕೊಂಡವನು ಅಷ್ಟೇ ಬೆಳಕಿಗೆ ತೃಪ್ತಿಪಡುತ್ತಾನೆಯೇ? ಫುಲ್ ಇಟ್ಟೇ ಹೊಡೆಯುತ್ತಾನೆ. ಅದರೊಳಗೆ ಹಾಕಿರುವುದು ಮಂಟಪದ ಎದುರಿನ ಗೂಡಂಗಡಿಯಲ್ಲಿ ಸಿಕ್ಕ, ಗಡಿಯಾರಕ್ಕೆ ಹಾಕುವ ಸೆಲ್ಲು. ನಲವತ್ತೈದು ಸಾವಿರದ ಯಂತ್ರ, ಒಳಗೆ ಹತ್ತಾರು ರೂಪಾಯಿಯ ಊಟ. ಒಳ್ಳೆಯ ರೀಚಾರ್ಜ್ ಸೆಲ್ಲು ಹಾಕಿದ ಮಧ್ಯಮ ಫ್ಲ್ಯಾಶಿನ ಮುಂದೆ ಇದು ಏದುಸಿರು ಬಿಡುತ್ತದೆ.

ಮೇಲ್ದರ್ಜೆಯದನ್ನು ಸುಮ್ಮನೆ ಜರೆಯಬಾರದು. ಅದರಲ್ಲಿ ಕೊಟ್ಟ ದುಡ್ಡಿಗೆ ಬರುವ ಸಂಗತಿಗಳಿವೆ. 580ಇಎಕ್ಸ್ 2ರಲ್ಲಿ ಹೊರಗಿನ ಬ್ಯಾಟರಿ ಪ್ಯಾಕ್ ಚುಚ್ಚಲು ಸಾಕೆಟ್ ಇತ್ತು, ಬೇರೆ ಫ್ಲ್ಯಾಶುಗಳಿಗೆ ದೂರದಿಂದ ಆಜ್ಞೆ ಕೊಡುವ ಯಜಮಾನಿಕೆ ಇತ್ತು, ಕಾಲಿನ ಬಳಿ ಧೂಳು ನೀರು ಒಳಹೋಗದಂತೆ ರಬ್ಬರು ಇತ್ತು. 430ರಲ್ಲಿ ಇವು ಮೂರೂ ಇರಲಿಲ್ಲ. ಇಎಲ್-1 ಲಿಥಿಯಂ ಬ್ಯಾಟರಿಯಿಂದ ಸೆಕೆಂಡಿನೊಳಗೆ ತಯಾರಾಗುತ್ತದೆ. ಮುಹೂರ್ತದ ಸೀಸನ್ನಿನಲ್ಲಿ ವಾರಕ್ಕೆ ಮೂರು ಮದುವೆ ಹಿಡಿಯುವ, ಅದಿರು ಲಾರಿಗಳ ಕೆಂಧೂಳು ನುಂಗುತ್ತ ಸಂಡೂರಿನ ದಾರಿಯಲ್ಲಿ ಓಡಾಡುವ ವೃತ್ತಿಪರನಿಗೆ ಇವು ಬೇಕು. ಅವನು ಕೊಳ್ಳಲಿ, ಖರ್ಚನ್ನು ಪ್ಯಾಕೇಜಿಗೆ ಸೇರಿಸಲಿ. ಆದರೆ ವರ್ಷಕ್ಕೆ ನಾಲ್ಕು ನಾಮಕರಣ, ಒಂದು ಸೀಮಂತ, ಉಳಿದಂತೆ ಮನೆ ಬೆಕ್ಕಿನ ಫೋಟೊ ತೆಗೆಯುವ ನಮ್ಮ ಬ್ಯಾಂಕ್ ನೌಕರ ಗೆಳೆಯರು “ವೆದರ್ ಸೀಲ್ಡ್ ಐತಣ್ಣ” ಎಂದು ಎದೆಯುಬ್ಬಿಸುವುದು ಏಕೆ? ಮೋಡ ಬಂದರೆ ಮನೆ ಮಂದಿಯೆಲ್ಲ ಹೊರಗೋಡಿ ನೋಡುವ ಊರಿನಲ್ಲಿ ಮಳೆಗೆ ಹೆದರದ ಫ್ಲ್ಯಾಶು!

ಈಗ ಕುರುಗೋಡಿಗೆ ಬನ್ನಿ. ಅಲ್ಲಿ ದೊಡ್ಡಬಸವೇಶ್ವರನಿದ್ದಾನೆ. ಒಂದೇ ಕಲ್ಲಿನಲ್ಲಿ ಕಡೆದ, ಆಳೆತ್ತರ ಮೀರಿದ ನಂದಿ. ಇಂಥ ಕಲ್ಲು ಗುಡಿಗಳಲ್ಲಿ ಬೌನ್ಸ್ ಮಾಡಲು ಹೊರಟವನಿಗೆ ಕಾಲದ ಹೊಗೆ ಕುಡಿದು ಕಪ್ಪಾದ ಚಾವಣಿ ಎದುರಾಗುತ್ತದೆ. ಎಷ್ಟು ಬೆಳಕು ಕೊಟ್ಟರೂ ನುಂಗಿ ಕೂರುವುದೇ ಅದರ ಸ್ವಭಾವ. ಯಾವ ಇಲಾಖೆಯ ಅನುದಾನವೂ ಇಷ್ಟು ಸ್ವಚ್ಛವಾಗಿ ಮಾಯವಾಗುವುದಿಲ್ಲ. ನೇರ ಹೊಡೆದರೆ ನುಣುಪಾದ ಮೂತಿಯ ಮೇಲೆ ಒಂದು ಬಿಳಿ ಚುಕ್ಕೆ, ಉಳಿದದ್ದೆಲ್ಲ ಚಪ್ಪಟೆ. ಶಿಲ್ಪಿ ಉಳಿ ಹಿಡಿದು ತಿಂಗಳುಗಟ್ಟಲೆ ಕೊರೆದ ಗಂಟೆ ಸರ, ಗೆಜ್ಜೆ, ಕತ್ತಿನ ಮಡಿಕೆಗಳು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಅಳಿಸಿಹೋಗುತ್ತವೆ. ಶಿಲ್ಪ ಕಣ್ಣಿಗೆ ಕಾಣುವುದು ನೆರಳಿನಿಂದ. ಮೂಗಿನ ನೇರಕ್ಕೆ ಬರುವ ಬೆಳಕಿಗೆ ನೆರಳು ಹುಟ್ಟಿಸಲು ಬರುವುದಿಲ್ಲ, ಅದು ಎಷ್ಟು ಸಾವಿರದ್ದೇ ಆಗಿರಲಿ. ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಯಿಂದ ಇಳಿಸಿ, ಪಕ್ಕದಲ್ಲಿ ನಿಂತ ಹುಡುಗನ ಕೈಗೆ ಕೊಟ್ಟು, “ತಮ್ಮಾ, ಆ ಕಂಬದ ಹತ್ರ ಹೋಗಿ ಈ ಕಡೆ ತೋರ್ಸು” ಎಂದರೆ ಬಸವಣ್ಣ ಕಲ್ಲಿನಿಂದ ಎದ್ದು ಬರುತ್ತಾನೆ. ಇದಕ್ಕೆ ಬೇಕಾದದ್ದು ಒಂದು ಅಗ್ಗದ ಟ್ರಿಗರ್ ಮತ್ತು ಒಬ್ಬ ಹುಡುಗ. ಹುಡುಗನಿಗೆ ಒಗ್ಗರಣೆ ಮಿರ್ಚಿ ಕೊಡಿಸಿದರೆ ಸಾಕು, ಟಿಟಿಎಲ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತಾನೆ.

ಬೆಳಕು ಪಕ್ಕದಿಂದ, ಹಿಂದಿನಿಂದ ಬರಬೇಕೆನ್ನುವುದು ನಮ್ಮೂರಿಗೆ ಹೊಸ ವಿದ್ಯೆಯೂ ಅಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ದಶಕಗಳ ಕಾಲ ತೊಗಲು ಗೊಂಬೆ ಆಡಿಸಿದರು. ಬೆಳಕನ್ನು ಪರದೆಯ ಹಿಂದೆ ಇಟ್ಟು, ಚರ್ಮದ ರಾವಣನಿಗೆ ಜೀವ ತುಂಬಿದರು. ಅವರ ಮೇಳದಲ್ಲಿ ಯಾರೂ “ದೀಪ ಎಷ್ಟು ವ್ಯಾಟಿನದು?” ಎಂದು ಕೇಳಿ ಚೀಟಿ ಹರಿದಿದ್ದಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜಮನೆತನದವರು, ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು, ಲೋಕಕ್ಕೆಲ್ಲ ಹೆಸರಾದ ವನ್ಯಜೀವಿ ಛಾಯಾಗ್ರಾಹಕರು. ಯಾವ ಅಂಗಡಿಯ ಯಾವ ಪೆಟ್ಟಿಗೆಯನ್ನಾದರೂ ತರಿಸಿಕೊಳ್ಳಬಲ್ಲವರು. 1983ರಲ್ಲಿ ಅವರು ತಮ್ಮ ಚಿತ್ರಗಳ ಪುಸ್ತಕ ತಂದಾಗ ಇಟ್ಟ ಹೆಸರು “ಸನ್‌ಲೈಟ್ ಅಂಡ್ ಶ್ಯಾಡೋಸ್”. ಬಿಸಿಲು ಮತ್ತು ನೆರಳು. ಎರಡೂ ಪುಕ್ಕಟೆ ಸಿಗುವ ಸಾಮಾನು. ರಾಜ್ಯದ ಬಜೆಟ್ ಮಂಡಿಸಿದವರಿಗೆ ಎಲ್ಲಿ ಖರ್ಚು ಮಾಡಬಾರದು ಎನ್ನುವುದು ಗೊತ್ತಿತ್ತು.

ಆದರೆ ಬೆಳಕಿನ ವಿಷಯದಲ್ಲಿ ಬಳ್ಳಾರಿ ಕಲಿತದ್ದು ಗುಡಿಯಿಂದಲೂ ಅಲ್ಲ, ತೊಗಲು ಗೊಂಬೆಯಿಂದಲೂ ಅಲ್ಲ, ಅದಿರಿನಿಂದ. ಗಣಿಯ ದುಡ್ಡು ಹರಿದ ವರ್ಷಗಳಲ್ಲಿ ಕಾರಿನ ಹೆಡ್‌ಲೈಟಿನಿಂದ ಹೆಲಿಕಾಪ್ಟರಿನವರೆಗೆ ಎಲ್ಲವೂ ಮೇಲ್ದರ್ಜೆಯದೇ ಆಗಬೇಕಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಬಿಂಕ ನಿಲ್ಲಲಿಲ್ಲ. 2016ರ ನವೆಂಬರಿನಲ್ಲಿ, ನೋಟು ರದ್ದಾಗಿ ಊರೆಲ್ಲ ಎಟಿಎಂ ಮುಂದೆ ಸಾಲು ನಿಂತ ಹೊತ್ತಿನಲ್ಲಿ, ನಮ್ಮ ಗಣಿ ಧಣಿಗಳ ಮನೆಯ ಮದುವೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಯಿತು. ಅದರ ಆಮಂತ್ರಣದ ಪೆಟ್ಟಿಗೆ ತೆರೆದರೆ ಒಳಗೆ ಎಲ್‌ಸಿಡಿ ಪರದೆ ಬೆಳಗುತ್ತಿತ್ತು. ಅಂದಿನಿಂದ ಸಿರುಗುಪ್ಪದ ಸಣ್ಣ ಹಿಡುವಳಿದಾರನಿಗೂ ಒಂದು ಅಳುಕು: ನಮ್ಮನೆ ಮದುವೆಯಲ್ಲಿ ಬೆಳಕು ಕಡಿಮೆಯಾಯಿತೇನೋ. ಆ ಅಳುಕೇ ಡ್ರೋನ್ ತರಿಸುತ್ತದೆ, ಕ್ರೇನ್ ತರಿಸುತ್ತದೆ, ಸ್ಟೇಜಿನ ಹಿಂದೆ ಎಲ್‌ಇಡಿ ಗೋಡೆ ನಿಲ್ಲಿಸುತ್ತದೆ. ಫೋಟೊಗ್ರಾಫರನ ನೆತ್ತಿಯ ಮೇಲೆ ದೊಡ್ಡ ಫ್ಲ್ಯಾಶು ಕೂರಿಸುವುದೂ ಅದೇ ಅಳುಕು. ಅದು ಮದುಮಗಳ ಮೇಲೆ ಬೆಳಕು ಚೆಲ್ಲಲು ಇರುವುದಲ್ಲ, ತನ್ನ ರೇಟಿನ ಮೇಲೆ ಬೆಳಕು ಚೆಲ್ಲಲು.

ಇಲ್ಲಿ ಬಳ್ಳಾರಿಯವರಿಗೆ ಬೇರೆ ಯಾರೂ ಪಾಠ ಹೇಳಬೇಕಿಲ್ಲ. ಜೀನ್ಸ್ ಹೊಲಿಯುವ ಊರು ನಮ್ಮದು. ಅದೇ ಬಟ್ಟೆ, ಅದೇ ದಾರ, ಅದೇ ಹೊಲಿಗೆ, ಸೊಂಟದ ಹಿಂದಿನ ಚರ್ಮದ ಚೀಟಿ ಬದಲಾದರೆ ಬೆಲೆ ಬದಲಾಗುತ್ತದೆ ಎನ್ನುವುದು ಇಲ್ಲಿಯ ಕಟಿಂಗ್ ಮಾಸ್ಟರಿಗೂ ಗೊತ್ತು, ಗುಂಡಿ ಹಾಕುವ ಹೆಣ್ಣುಮಗಳಿಗೂ ಗೊತ್ತು. ಚೀಟಿಯ ಮಹಿಮೆಯನ್ನು ದಿನಕ್ಕೆ ನೂರು ಸಲ ಕೈಯಾರೆ ಹೊಲಿಯುವ ಊರಿನವನೇ ಫ್ಲ್ಯಾಶಿನ ಚೀಟಿ ನೋಡಿ ಬೆರಗಾಗುತ್ತಾನೆ ಎಂದರೆ, ಮಾರ್ಕೆಟಿಂಗಿನವರಿಗೆ ಕೈಮುಗಿಯಬೇಕು.

ಇನ್ನು ದುಡ್ಡು ಕೊಡುವ ಗಿರಾಕಿಯನ್ನು ಕೇಳಿ ನೋಡಿ. ಹೆಣ್ಣಿನ ತಂದೆ ಬುಕ್ಕಿಂಗಿಗೆ ಬಂದಾಗ ಏನು ಕೇಳುತ್ತಾರೆ? “ಆಲ್ಬಮ್ ಕರಿಜ್ಮಾನಾ? ಎಷ್ಟು ಶೀಟು? ಡ್ರೋನ್ ಸೇರಿ ಎಷ್ಟು? ಪ್ರೀ ವೆಡ್ಡಿಂಗ್ ಹಂಪಿಯಾಗ ಮಾಡ್ತೀರಾ?” ಹಂಪಿ 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು, ಪ್ರೀ ವೆಡ್ಡಿಂಗ್ ಮಾತ್ರ ನಮ್ಮ ಬಳ್ಳಾರಿ ಹುಡುಗರ ಕೈಯಲ್ಲೇ ಉಳಿದಿದೆ. ನೂರು ಪ್ರಶ್ನೆ ಕೇಳುವ ಆ ತಂದೆ “ಫ್ಲ್ಯಾಶಿನ ಗೈಡ್ ನಂಬರ್ ಎಷ್ಟಪಾ?” ಎಂದು ಕೇಳಿದ್ದು ಬಳ್ಳಾರಿಯ ಇತಿಹಾಸದಲ್ಲಿಲ್ಲ. ಆಲ್ಬಮ್ ಕೈಗೆ ಬಂದ ಮೇಲೆ ಅವರ ಆಕ್ಷೇಪವೂ ಒಂದೇ: “ನಮ್ಮಕ್ಕನ ಮುಖ ಕಪ್ಪಗ್ ಬಂದೈತಲ್ಲೋ.” ಅಕ್ಕ ಎರಡನೇ ಸಾಲಿನಲ್ಲಿದ್ದರು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಭೌತಶಾಸ್ತ್ರದ ಈ ನಿಯಮ 15 ಸಾವಿರದ ಫ್ಲ್ಯಾಶಿಗೂ 45 ಸಾವಿರದ ಫ್ಲ್ಯಾಶಿಗೂ ಒಂದೇ. ನಮ್ಮ ದೇಶದಲ್ಲಿ ಬಡವ ಬಲ್ಲಿದ ಎಂದು ನೋಡದೆ ಜಾರಿಯಾಗುವ ಕಾನೂನು ಬಹುಶಃ ಇದೊಂದೇ.

ಈ ಕಾನೂನಿಗೆ ಪರಿಹಾರವಿದೆ. ಎರಡನೇ ಸಾಲಿಗೆ ಎರಡನೇ ದೀಪ. ಸ್ಟೇಜಿನ ಎರಡು ತುದಿಗೆ ಎರಡು ಮಧ್ಯಮ ದರ್ಜೆಯ ಫ್ಲ್ಯಾಶನ್ನು ಎತ್ತರದ ಸ್ಟ್ಯಾಂಡಿನ ಮೇಲೆ, ಬಿಳಿ ಕೊಡೆಯ ಹಿಂದೆ ನಿಲ್ಲಿಸಿದರೆ ಅಕ್ಕನೂ ಕಾಣುತ್ತಾರೆ, ಭಾವನೂ ಕಾಣುತ್ತಾರೆ, ವರನ ಬಾಸಿಂಗದ ಮಿರುಗು ಕಣ್ಣಿಗೆ ಕುಕ್ಕುವುದಿಲ್ಲ. ಒಂದು ದೊಡ್ಡದಕ್ಕೆ ಸುರಿಯುವ ದುಡ್ಡಿನಲ್ಲಿ ಎರಡು ಮಧ್ಯಮದವು, ಟ್ರಿಗರ್, ಎರಡು ಸ್ಟ್ಯಾಂಡು, ಎರಡು ಕೊಡೆ ಬಂದು ಮೇಲೆ ಚಿಲ್ಲರೆ ಉಳಿಯುತ್ತದೆ. ಆ ಚಿಲ್ಲರೆಯಲ್ಲಿ ಸ್ಟೇಷನರಿ ಅಂಗಡಿಯಿಂದ ಒಂದು ದೊಡ್ಡ ಥರ್ಮಾಕೋಲ್ ಶೀಟು ತನ್ನಿ. ಪೆಂಡಾಲಿನ ಹಳದಿ ಬಟ್ಟೆಯ ಕಡೆಗಲ್ಲದೆ ಆ ಶೀಟಿನ ಕಡೆಗೆ ಫ್ಲ್ಯಾಶು ತಿರುಗಿಸಿ. ಸಿನಿಮಾದವರು ಕೋಟಿಗಟ್ಟಲೆ ಸುರಿದು ತೆಗೆಯುವ ನಾಯಕಿಯರ ಕೆನ್ನೆಯ ಮೇಲೂ ಬೀಳುವುದು ಎಷ್ಟೋ ಸಲ ಇದೇ ಥರ್ಮಾಕೋಲಿನ ಬೆಳಕು.

ಆದ್ದರಿಂದ ತೀರ್ಪು ಹೀಗಿದೆ. ಮದುವೆಯೇ ಹೊಟ್ಟೆಪಾಡಾಗಿ, ಸೀಸನ್ನಿನಲ್ಲಿ ನಿದ್ದೆಯಿಲ್ಲದೆ ದುಡಿಯುವವರು, ಬೇಗ ತುಂಬಿಕೊಳ್ಳುವ, ಧೂಳಿಗೆ ಜಗ್ಗದ ಮೇಲ್ದರ್ಜೆಯದನ್ನು ಕೊಳ್ಳಲಿ, ಅದು ಅವರಿಗೆ ಸಲಕರಣೆ. ಉಳಿದವರಿಗೆಲ್ಲ ಅದು ಒಡವೆ. ಒಡವೆಯೇ ಬೇಕಿದ್ದರೆ ಬಂಗಾರ ಕೊಳ್ಳಿ, ಕಷ್ಟಕಾಲಕ್ಕೆ ಅಡವಿಡಲಾದರೂ ಬರುತ್ತದೆ. ಫ್ಲ್ಯಾಶನ್ನು ಯಾವ ಸಹಕಾರಿ ಬ್ಯಾಂಕೂ ಅಡವಿಟ್ಟುಕೊಳ್ಳುವುದಿಲ್ಲ. ಮಧ್ಯಮದ್ದು ಒಂದು ತನ್ನಿ, ಕೈ ಪಳಗಿದ ಮೇಲೆ ಅಂಥದ್ದೇ ಇನ್ನೊಂದು ತನ್ನಿ, ಒಳ್ಳೆಯ ಸೆಲ್ಲು ಹಾಕಿ, ಕೈಪಿಡಿ ಓದಿ. ಅಷ್ಟಕ್ಕೂ ಮೊದಲು ಒಂದು ಕೆಲಸ ಬಾಕಿ ಇದೆ. ಅಂಗಡಿಯ ಕಟ್ಟೆ ಹತ್ತುವ ಮುನ್ನ, ಈಗಾಗಲೇ ನಿಮ್ಮ ಹತ್ತಿರ ಇರುವ ಫ್ಲ್ಯಾಶಿನ ತಲೆಯನ್ನು ಪಕ್ಕದ ಬಿಳಿ ಗೋಡೆಯ ಕಡೆ ತಿರುಗಿಸಿ ಒಂದು ಫೋಟೊ ತೆಗೆದು ನೋಡಿ. ಅದಕ್ಕೆ ಬಿಲ್ಲು ಬರುವುದಿಲ್ಲ.